ನಮ್ಮ ಮನೆಗೊಂದು ಅವಳಿ ಮನೆ

ಈ ತಿಂಗಳ ಎರಡನೇ ಸೋಮವಾರ ಬೆಳಗ್ಗೆ ಆರೂ ನಲವತ್ತಕ್ಕೆ, ಬೋಗಾದಿಯ ನಮ್ಮ ಮನೆಯ ಅಡುಗೆಮನೆಯಲ್ಲಿ, ಒಲೆಯ ಹಿಂದಿನ ಗೋಡೆಯ ಬುಡದಲ್ಲಿ ಅಂಗೈಯಗಲದ ಒದ್ದೆ ಕಾಣಿಸಿಕೊಂಡಿತು. ಮೊದಲು ನೋಡಿದವಳು ನನ್ನ ಹೆಂಡತಿ ಶಾರದಾ. ಏಳು ಗಂಟೆಗೆ ಅದು ಎರಡು ಅಂಗೈ ಅಗಲವಾಗಿತ್ತು. ಇಪ್ಪತ್ತಾರು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ನನಗೊಂದು ಚಾಳಿ ಅಂಟಿದೆ. ಮನೆಯಲ್ಲಿ ಏನೇ ಆದರೂ ಮೊದಲು ಗಡಿಯಾರ ನೋಡುತ್ತೇನೆ, ಆಮೇಲೆ ಒರೆಸುವ ಬಟ್ಟೆ ಹುಡುಕುತ್ತೇನೆ. ಬಟ್ಟೆ ಸಿಗುವಷ್ಟರಲ್ಲಿ ಶಾರದಾ ಒರೆಸಿ ಮುಗಿಸಿರುತ್ತಾಳೆ.

ಆ ಗೋಡೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದಕ್ಕೆ ಹಾಕಿರುವ ಟೈಲ್ಸು ಕೆನೆಬಣ್ಣದವು, ಅಂಚಿನಲ್ಲಿ ತೆಳುವಾದ ನೀಲಿ ಬಳ್ಳಿ. ವಿಜಯನಗರದ ಒಂಬತ್ತು ಅಂಗಡಿ ಸುತ್ತಿ ಶಾರದಾ ಆರಿಸಿದ್ದು. ಮನೆ ಕಟ್ಟುವಾಗ ಉಳಿದೆಲ್ಲ ವಿಷಯದಲ್ಲೂ ಅವಳು ನನ್ನ ಮಾತಿಗೆ ತಲೆಯಾಡಿಸಿದ್ದಳು. ಆ ಗೋಡೆಯೊಂದು ಮಾತ್ರ ಪೂರ್ತಿ ಅವಳದು. ಈಗ ಆ ನಮೂನೆ ತಯಾರಾಗುವುದೇ ನಿಂತುಹೋಗಿದೆ. ಅಟ್ಟದಲ್ಲಿ ಉಳಿದಿರುವುದು ಎರಡೇ ಟೈಲು. ಮೂರನೆಯದೊಂದು ಇತ್ತು, ಅದನ್ನು ನಾನು ಸ್ಕೂಟರಿನ ಸ್ಟ್ಯಾಂಡಿನ ಕೆಳಗಿಟ್ಟು ಒಡೆದೆ. ಆ ವಿಷಯ ನಮ್ಮಲ್ಲಿ ಈಗ ಚರ್ಚೆಗೆ ಬರುವುದಿಲ್ಲ, ಉಲ್ಲೇಖಕ್ಕೆ ಮಾತ್ರ ಬರುತ್ತದೆ. ಹೀಗಾಗಿ ಸೋಮವಾರದ ಪ್ರಶ್ನೆ ಸರಳವಾಗಿತ್ತು: ಗೋಡೆಯೊಳಗೆ ಸೋರುತ್ತಿರುವ ಕೊಳವೆಯನ್ನು ಎರಡು ಟೈಲಿಗಿಂತ ಹೆಚ್ಚು ಒಡೆಯದೆ ಹಿಡಿಯಬೇಕು.

ನಾನು ಧೈರ್ಯವಾಗಿದ್ದೆ. ನನ್ನ ಅಣ್ಣನ ಮಗಳು ಚೈತ್ರಾ ಸಿವಿಲ್ ಎಂಜಿನಿಯರು. ನಮ್ಮ ಮನೆಯ ಪಾಯ ತೆಗೆಯುವ ಮೊದಲೇ ಅವಳು ಇಡೀ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಮುಗಿಸಿದ್ದಳು. ಬಿಲ್ಡಿಂಗ್ ಇನ್‌ಫರ್ಮೇಶನ್ ಮಾಡೆಲಿಂಗ್, ಚಿಕ್ಕದಾಗಿ ಬಿಮ್ ಎನ್ನುತ್ತಾರೆ. ಹಳೆಯ ನೀಲಿ ನಕ್ಷೆಯಂತೆ ಬರೀ ಗೆರೆಯಲ್ಲ. ಗೋಡೆಯನ್ನು ಮುಟ್ಟಿದರೆ ಅದರ ದಪ್ಪ, ಇಟ್ಟಿಗೆಯ ಜಾತಿ, ಒಳಗಿನ ಕೊಳವೆಯ ಸುತ್ತಳತೆ ಎಲ್ಲ ಹೇಳುತ್ತದೆ. ಗೃಹಪ್ರವೇಶಕ್ಕೆ ಬಂದವರನ್ನು ಊಟಕ್ಕೂ ಮುಂಚೆ ಕೂರಿಸಿ ನಾನು ಅದನ್ನು ತೋರಿಸಿದ್ದೆ. ಕೆಲವರು ಹಸಿದಿದ್ದರು ಎಂದು ಶಾರದಾ ಆಮೇಲೆ ಹೇಳಿದಳು.

ಎಂಟೂವರೆಗೆ ಚೈತ್ರಾ ಲ್ಯಾಪ್‌ಟಾಪ್ ಹಿಡಿದು ಬಂದಳು. ಮನೆ ಕಟ್ಟುವಾಗ ಕೊಳಾಯಿ ಕೆಲಸ ಮಾಡಿದ್ದ ರಾಚಪ್ಪ ಕೆಸರೆಯಿಂದ ಮೊಪೆಡ್ಡಿನಲ್ಲಿ ಬಂದು, ಕಾಫಿ ಲೋಟ ಹಿಡಿದು ಬಾಗಿಲ ಬಳಿ ಕೂತ. ಕೊಳವೆ ಒಲೆಯ ಬಲ ಮಗ್ಗುಲಲ್ಲೇ ಇದೆ, ನೆಲದಿಂದ ನಾಲ್ಕನೇ ಟೈಲಿನ ಹಿಂದೆ ಬೆಸುಗೆಯಿದೆ ಎಂದು ಕಂಪ್ಯೂಟರ್ ತೋರಿಸಿತು. ಶಾರದಾ ರಾಚಪ್ಪನನ್ನೂ ಒಂದು ಮಾತು ಕೇಳಿ ಎಂದಳು. ಲಿಖಿತ ದಾಖಲೆ ಇರುವಾಗ ಬಾಯಿಮಾತೇಕೆ ಎಂದು ನಾನು ಅಂದೆ. ನನ್ನ ವೃತ್ತಿಯಲ್ಲಿ ಅದು ಸರಿಯಾದ ಮಾತು.

ರಾಚಪ್ಪ ಟೈಲು ಒಡೆದ. ಒಳಗೆ ಗೋಡೆ ಒಣಗಿತ್ತು, ಕೊಳವೆ ಇರಲಿಲ್ಲ.

"ಇಲ್ಲಿಲ್ಲ ಅಂತ ನಂಗೆ ಗೊತ್ತಿತ್ತು, ಸಾ," ಎಂದ ರಾಚಪ್ಪ.

"ಮತ್ತೆ ಹೇಳೋಕೇನಾಗಿತ್ರೀ?" ಎಂದೆ ನಾನು.

"ನೀವು ಕೇಳಿದ್ದು ಕಂಪ್ಯೂಟ್ರನ್ನ. ನಾನ್ಯಾಕ್ ಮಧ್ಯ ಬಾಯಿ ಹಾಕ್ಲಿ?"

ಆಮೇಲೆ ಅವನು ವಿವರವಾಗಿ ಹೇಳಿದ. ಗಿಲಾವು ಮಾಡುವ ಹಿಂದಿನ ದಿನ ನನ್ನ ಅಮ್ಮ ಮನೆ ನೋಡಲು ಬಂದು, ಅಗ್ನಿಮೂಲೆಯಲ್ಲಿ ಒಲೆಯ ಮಗ್ಗುಲಲ್ಲೇ ನೀರಿನ ನಲ್ಲಿಯೇ ಎಂದು ಬೇಸರ ಮಾಡಿಕೊಂಡಿದ್ದರಂತೆ. ರಾಚಪ್ಪ ನನಗೆ ಫೋನ್ ಮಾಡಿ, ಕೊಳವೆಯನ್ನು ಬಲಕ್ಕೆ ದೂರ ಹಾಕಲೇ ಎಂದು ಕೇಳಿದ್ದನಂತೆ.

"ನೀವೇ ಅಂದ್ರಲ್ಲ ಸಾ, ಮೀಟಿಂಗಲ್ಲಿದೀನಿ, ಅಂಗೇ ಮಾಡ್ಬುಡಿ ಅಂತ."

ಅಂದಿರಬೇಕು. ಸಂಜೆಯ ಪುಟಗಳ ಮೀಟಿಂಗಿನಲ್ಲಿ ನಾನು ಯಾರಿಗಾದರೂ ಹಾಗೇ ಅನ್ನುತ್ತೇನೆ. ಚೈತ್ರಾಗೆ ಮಾತ್ರ ಯಾರೂ ಹೇಳಿರಲಿಲ್ಲ. ಊರಿನವರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಮರುದಿನ ತಿದ್ದುಪಡಿ ಹಾಕುವ ನಾನು, ಸ್ವಂತ ಗೋಡೆಯ ವಿಷಯದಲ್ಲಿ ಹಾಕಿರಲಿಲ್ಲ.

ಚೈತ್ರಾ ಕೋಪಿಸಿಕೊಳ್ಳಲಿಲ್ಲ, ಪಾಠ ಮಾಡಿದಳು. ಬಿಮ್ ಎಂದರೆ ಮನೆಯನ್ನು ಹೇಗೆ ಕಟ್ಟಬೇಕು ಅಂದುಕೊಂಡೆವೋ ಅದರ ದಾಖಲೆ; ಆಮೇಲೆ ಆದ ಬದಲಾವಣೆಯನ್ನು ಯಾರಾದರೂ ಹೇಳಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಡಿಜಿಟಲ್ ಟ್ವಿನ್ ಎಂದರೆ ಮನೆಯ ಅವಳಿ. ಟ್ಯಾಂಕಿಗೆ, ಕೊಳವೆಗೆ ಮಾಪಕ ಕೂರಿಸಿದರೆ ಇಲ್ಲಿ ಹನಿ ಸೋರಿದಾಗ ಕಂಪ್ಯೂಟರಿನ ಮನೆಯಲ್ಲೂ ಸೋರುತ್ತದೆ. ನನಗೆ ತಕ್ಷಣ ಅರ್ಥವಾಯಿತು. ಪತ್ರಿಕೆಗಳಲ್ಲಿ ವಯಸ್ಸಾದ ಗಣ್ಯರ ಜೀವನಚಿತ್ರವನ್ನು ಮುಂಚೆಯೇ ಬರೆದು ಕಡತದಲ್ಲಿ ಇಟ್ಟಿರುತ್ತೇವೆ. ಅದು ಬಿಮ್. ಆ ಗಣ್ಯರು ಈ ನಡುವೆ ಗುಣವಾಗಿ ವಾಕಿಂಗ್ ಹೊರಟಿದ್ದರೂ ಕಡತಕ್ಕೆ ತಿಳಿಯದು. ಆಸ್ಪತ್ರೆಯ ಗೇಟಿನಲ್ಲಿ ನಿಂತು ಗಂಟೆಗೊಮ್ಮೆ ಫೋನ್ ಮಾಡುವ ವರದಿಗಾರನಿದ್ದಾನಲ್ಲ, ಅವನು ಟ್ವಿನ್. ಈ ಹೋಲಿಕೆಯನ್ನು ನಾನು ಖುಷಿಯಿಂದ ಹೇಳಿದೆ. ಯಾರೂ ನಗಲಿಲ್ಲ. ಶಾರದಾ ಒಡೆದ ಟೈಲಿನ ಚೂರುಗಳನ್ನು ಮೊರಕ್ಕೆ ತುಂಬುತ್ತಿದ್ದಳು.

ಈಗ ಲೆಕ್ಕ ಬಿಗಿಯಾಯಿತು. ಒಂದು ಟೈಲು ಆ ತೂತಿಗೇ ಹೋಗುತ್ತದೆ, ಉಳಿಯುವುದು ಒಂದೇ. ಕೊಳವೆ ಬಲಕ್ಕೆ ಎಷ್ಟು ದೂರ ಹೋಗಿದೆ ಎಂದು ರಾಚಪ್ಪನನ್ನು ಕೇಳಿದೆವು. ಅವನು ಗೋಡೆಗೆ ಅಂಗೈ ಒತ್ತಿ, ಬೆರಳಿನಿಂದ ತಟ್ಟಿ, ಕಿವಿಯಿಟ್ಟ. ಒಂದಡಿಯೋ ಒಂದೂವರೆಯೋ, ಮಧ್ಯದಲ್ಲಿ ಎರಡು ಟೈಲು ಬರುತ್ತೆ, ಎರಡರಲ್ಲಿ ಒಂದು ಖಂಡಿತ ಎಂದ. ಚೈತ್ರಾ ನನ್ನನ್ನು ನೋಡಿದಳು. ನಾನು ಗಡಿಯಾರ ನೋಡಿದೆ.

ಶಾರದಾ ಮೊರ ಕೆಳಗಿಟ್ಟು ಕೇಳಿದಳು: "ಈ ಗೋಡೆಗೆ ಆ ಕಡೆ ಮುಖ ಇಲ್ವೇನ್ರೀ?"

ಇತ್ತು. ಆ ಕಡೆ ನನ್ನ ಓದುವ ಕೋಣೆ. ಗೋಡೆಗೆ ಒರಗಿ ನನ್ನ ಪುಸ್ತಕದ ಕಪಾಟು ನಿಂತಿತ್ತು. ವಿಷಯವಾರು, ಅಕಾರಾದಿಯಾಗಿ ಜೋಡಿಸಲು ನನಗೆ ಒಂದು ಇಡೀ ಬೇಸಿಗೆ ಹಿಡಿದಿತ್ತು ಎಂದು ನಾನು ನೆನಪಿಸಿದೆ.

"ಪುಸ್ತಕ ಮತ್ತೆ ಜೋಡಿಸ್ಬೋದು," ಎಂದಳು ಅವಳು. "ತೆಗೀರಿ."

ತೆಗೆದೆವು. ಆ ಬದಿಯಿಂದ ರಾಚಪ್ಪ ಮೊಳದುದ್ದ ಒಡೆದ. ಕೊಳವೆ ಅವನು ಹೇಳಿದ ಎರಡೂ ಜಾಗದ ನಡುವೆ ಸಿಕ್ಕಿತು. ಹನ್ನೆರಡೂ ಕಾಲಿಗೆ ಸೋರಿಕೆ ನಿಂತಿತು. ಬುಧವಾರ ಗೋಡೆ ಮುಚ್ಚಿ ಗಿಲಾವು ಮಾಡಿದರು. ಗುರುವಾರ ಚೈತ್ರಾ ಟ್ಯಾಂಕಿನ ಬಾಯಿಗೆ ಪುಟ್ಟ ಮಾಪಕ ಕೂರಿಸಿ, ನಮ್ಮ ಮನೆಯ ಅವಳಿ ಹುಟ್ಟಿತು ಎಂದಳು. ಕೊಳವೆಯ ಹೊಸ ಜಾಗದ ಅಳತೆ ಕಳಿಸುವುದು ಮಾತ್ರ ಬಾಕಿ, ಅದು ಚಿಕ್ಕಪ್ಪನ ಜವಾಬ್ದಾರಿ ಎಂದು ಹೇಳಿ ಹೋದಳು. ಅದೇ ಸಂಜೆ ನಾನು ಕಪಾಟನ್ನು ಗೋಡೆಗೆ ಒರಗಿಸಿ, ಪುಸ್ತಕಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿದೆ.

ಇಂದು ಬೆಳಗ್ಗೆ ಒಂಬತ್ತು ಗಂಟೆಯವರೆಗಿನ ಮಾಹಿತಿಯಂತೆ, ಗೋಡೆಯ ಎರಡೂ ಬದಿ ಒಣಗಿದೆ. ಅಟ್ಟದಲ್ಲಿ ಒಂದು ಟೈಲು ಇದೆ. ಕಂಪ್ಯೂಟರಿನ ಮನೆಯಲ್ಲಿ ಕೊಳವೆ ಇನ್ನೂ ಒಲೆಯ ಮಗ್ಗುಲಲ್ಲೇ ಇದೆ.