ನಮ್ಮ ಗಾಜಿನ ತೊಟ್ಟಿಯ ಜನಸಂಖ್ಯೆ

ಖಾಲಿ ಡಬ್ಬಿಯನ್ನು ಹಿಂದಿರುಗಿಸುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಪಕ್ಕದ ಮನೆಯಿಂದ ಒಂದು ಬಟ್ಟಲು ಹುಳಿ ಬಂತೆಂದರೆ ಆ ಬಟ್ಟಲನ್ನು ತೊಳೆದು, ಒರೆಸಿ, ಒಳಗೆ ಏನಾದರೂ ಹಾಕಿಯೇ ವಾಪಸು ಕಳಿಸಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಅದೂ ಇಲ್ಲದಿದ್ದರೆ ಹುರಿದ ಕಡಲೆಬೀಜ. ದೊಡ್ಡಬೆಳವಂಗಲದಲ್ಲಿ ನಾವಿದ್ದಾಗ ನನ್ನ ಅಮ್ಮ ಮತ್ತು ಎದುರುಮನೆಯಾಕೆಯ ನಡುವೆ ಒಂದು ಸ್ಟೀಲ್ ಡಬ್ಬಿ ಎಷ್ಟು ವರ್ಷ ಓಡಾಡಿತೆಂದರೆ, ಮೊದಲಿಗೆ ಅದು ಯಾರದ್ದಾಗಿತ್ತು ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಒಮ್ಮೆ ಇಬ್ಬರೂ ಮಾತು ಬಿಟ್ಟರು. ಆಗಲೂ ಡಬ್ಬಿ ಮಾತ್ರ ತುಂಬಿಕೊಂಡೇ ಓಡಾಡುತ್ತಿತ್ತು, ಮಕ್ಕಳ ಕೈಯಲ್ಲಿ. ಇದು ಬಹಳ ಒಳ್ಳೆಯ ಪದ್ಧತಿ ಎಂದೇ ನಾನು ನಂಬಿದ್ದೆ. ಡಬ್ಬಿಯಲ್ಲಿ ಮೀನು ಹಾಕಿ ಕಳಿಸುವ ದಿನದವರೆಗೂ ಹಾಗೇ ನಂಬಿದ್ದೆ.

ನಾನು ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಕಿರುಚಿ ಕಿರುಚಿ, ಮನೆಗೆ ಬಂದರೂ ‘ಉಪ್ಪಿನಕಾಯಿ ಕೊಡು’ ಎಂಬುದನ್ನು ಬೀದಿಗೆಲ್ಲ ಕೇಳುವಂತೆ ಹೇಳುವ ಚಾಳಿ ನನ್ನದು. ಸದ್ದು ಮಾಡದ ಏನಾದರೊಂದನ್ನು ಮನೆಯಲ್ಲಿ ಇಟ್ಟುಕೊಂಡು ಅದರ ಮುಂದೆ ಸುಮ್ಮನೆ ಕೂರಬೇಕೆಂಬ ಆಸೆ ಹುಟ್ಟಿತು. ಹೆಂಡತಿ ಸುಮಿತ್ರಳ ಮುಂದೆ ಕೂರಬಹುದಿತ್ತು, ಆದರೆ ಆ ಷರತ್ತು ಅವಳಿಗೆ ಒಪ್ಪಿಗೆಯಾಗುವುದಿಲ್ಲ. ಹಾಗಾಗಿ ಗಾಜಿನ ತೊಟ್ಟಿ ತಂದೆ. ಬರೀ ನೀರಿನ ತೊಟ್ಟಿಯಲ್ಲ, ತಳದಲ್ಲಿ ಮಣ್ಣು, ಅದರ ಮೇಲೆ ಮರಳು, ಅದರಲ್ಲಿ ಬೇರುಬಿಟ್ಟ ನಿಜವಾದ ಜಲಸಸ್ಯಗಳು. ಗಿಡಗಳ ನಡುವೆ ಆಚೀಚೆ ಸುಳಿಯುವ ಕೆಲವೇ ಪುಟ್ಟ ಮೀನುಗಳು ಸಾಕು ಎಂದುಕೊಂಡು ಅಂಗಡಿಗೆ ಹೋದೆ. ಆ ‘ಕೆಲವೇ’ ಎಂಬ ಮಾತು ಅಂಗಡಿಯ ಬಾಗಿಲಲ್ಲೇ ಉಳಿಯಿತು.

‘ಸಾರ್, ಇಷ್ಟು ದೊಡ್ಡ ಟ್ಯಾಂಕ್‌ಗೆ ಇಷ್ಟೇ ಮೀನಾ? ಅವಕ್ಕೂ ಬೇಜಾರಾಗಲ್ವಾ? ಕಂಪನಿ ಬೇಕು ಸಾರ್,’ ಎಂದ ಅಂಗಡಿಯವನು. ನನಗೂ ಹೌದೆನ್ನಿಸಿತು. ಟೆಟ್ರಾ ಎಂಬ ಸಣ್ಣ ಮೀನುಗಳ ಒಂದು ಗುಂಪು ಕೊಂಡೆ. ಅವುಗಳಿಗೆ ಕಂಪನಿಯಾಗಿ ಗಪ್ಪಿಗಳನ್ನು ಕೊಂಡೆ. ಎಲ್ಲರ ಮೇಲೆ ಒಬ್ಬ ಯಜಮಾನನಿರಲಿ ಎಂದು ಮುಷ್ಟಿಗಾತ್ರದ ಒಂದು ಕೆಂಪು ಗೋಲ್ಡ್ ಫಿಶ್ ಕೊಂಡೆ. ಅದಕ್ಕೆ ಕೆಂಪರಾಯ ಎಂದು ಹೆಸರಿಟ್ಟೆ. ನಾನು ಹತ್ತಿರ ಹೋದರೆ ಸಾಕು, ಕೆಂಪರಾಯ ಗಾಜಿಗೆ ಮೂತಿ ಒತ್ತಿ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಗಾರ್ಮೆಂಟ್ಸ್‌ನಲ್ಲಿ ನನ್ನನ್ನು ನೋಡಿ ಯಾರೂ ಇಷ್ಟು ಸಂತೋಷಪಟ್ಟದ್ದಿಲ್ಲ.

ಗಪ್ಪಿಗಳ ವಿಷಯ ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಅವು ಮೊಟ್ಟೆಯಿಡುವ ಗೋಜಿಗೆ ಹೋಗದೆ ನೇರವಾಗಿ ಮರಿ ಹಾಕುತ್ತವೆ, ಮತ್ತು ಅದರಲ್ಲಿ ಸಂಕೋಚವೆಂಬುದೇ ಇಲ್ಲ. ಮೊದಲ ಸಲ ಮರಿಗಳು ಕಂಡಾಗ ನಾನು ಬೀದಿಗೆಲ್ಲ ಬಾಳೆಹಣ್ಣು ಹಂಚುವುದೊಂದು ಬಾಕಿ. ಎರಡನೆಯ ಸಲ ಸುಮ್ಮನೆ ನಕ್ಕೆ. ಆಮೇಲಿನ ಸಲ ನಗುವೂ ಬರಲಿಲ್ಲ. ತೊಟ್ಟಿ ಬೆಳಗಿನ ಹೊತ್ತಿನ ಬೆಂಗಳೂರು ಬಸ್ಸಿನಂತಾಗಿತ್ತು. ನೀರು ಮಬ್ಬಾಯಿತು. ಗಿಡಗಳ ಮೇಲೆ ಪಾಚಿ ಕೂತಿತು, ಕೆಲವು ಬೇರುಸಮೇತ ಕಿತ್ತು ಮೇಲೆ ತೇಲತೊಡಗಿದವು. ಬೆಳಿಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲ್ಗಡೆ ಸೇರಿ ಗಾಳಿಗಾಗಿ ಬಾಯಿ ಬಿಡುತ್ತಿದ್ದವು.

ಕೊಟ್ಟುಬಿಡೋಣ ಎಂದು ತೀರ್ಮಾನಿಸಿದೆ. ಪಕ್ಕದ ಮನೆಯ ರಿಯಾಜ್ ಭಾಯ್ ಹಾರ್ಡ್‌ವೇರ್ ಅಂಗಡಿಯವರು, ಧಾರಾಳಿ, ಅವರ ಮನೆಯಲ್ಲೂ ಒಂದು ಸಣ್ಣ ತೊಟ್ಟಿಯಿತ್ತು. ಒಂದು ಪ್ಲಾಸ್ಟಿಕ್ ಡಬ್ಬಿಯ ತುಂಬ ಗಪ್ಪಿಗಳನ್ನು ತುಂಬಿಸಿ ಕೊಟ್ಟು ಬಂದೆ. ‘ಅರೆ ವಾ, ಎಷ್ಟು ಚೆನ್ನಾಗಿದಾವೆ ಸಾಬ್,’ ಎಂದು ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆ ಸಂಜೆ ನಾನು ಮನೆಯಲ್ಲಿ ಶಿಳ್ಳೆ ಹಾಕಿಕೊಂಡು ಓಡಾಡಿದೆ. ಭಾನುವಾರ ರಿಯಾಜ್ ಭಾಯ್ ಅದೇ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಡಬ್ಬಿಯಲ್ಲಿ ಕಪ್ಪಗೆ ಮಿನುಗುವ ಮೋಲಿ ಮೀನುಗಳಿದ್ದವು.

‘ಇದೆಲ್ಲ ಯಾಕೆ ಭಾಯ್?’ ಎಂದೆ.

‘ಖಾಲಿ ಡಬ್ಬಿ ಹೆಂಗೆ ಕೊಡೋದು ಸಾಬ್? ನಮ್ ಮನೆಯವರು ಬಯ್ಯಲ್ವಾ?’

ಡಬ್ಬಿಯನ್ನು ಇಸಕೊಂಡು ತೊಟ್ಟಿಗೆ ಸುರಿದೆ. ಮೋಲಿಗಳು ಗಪ್ಪಿಗಳಿಗಿಂತ ದಪ್ಪ, ಮರಿ ಹಾಕುವ ಉತ್ಸಾಹದಲ್ಲಿ ಅವಕ್ಕೇನೂ ಕಮ್ಮಿಯಿಲ್ಲ. ಗಾರ್ಮೆಂಟ್ಸ್‌ನ ಸಹೋದ್ಯೋಗಿಗಳಿಗೆ ಕೊಟ್ಟು ನೋಡಿದೆ. ಅವರೂ ನಮ್ಮ ಕಡೆಯವರೇ. ಒಬ್ಬ ಡಬ್ಬಿಯಲ್ಲಿ ತಳ ಕೆರೆಯುವ ಮೀಸೆಮೀನು ಹಾಕಿ ಕೊಟ್ಟ, ಇನ್ನೊಬ್ಬ ಬಸವನಹುಳ ಕೊಟ್ಟ. ಡಬ್ಬಿ ಬೇಡ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟರೆ, ಕವರಿನಲ್ಲಿ ಕೊಟ್ಟರಲ್ಲ ಪಾಪ, ಮನೆಯಲ್ಲಿ ಡಬ್ಬಿ ಇಲ್ಲವೇನೋ ಎಂದು ಹೊಸ ಡಬ್ಬಿಯನ್ನೇ ಕೊಂಡು, ಅದರ ತುಂಬ ಮೀನು ತಂದುಕೊಟ್ಟರು. ‘ತೊಟ್ಟಿ ಚಿಕ್ಕದು, ಮೀನು ಹೆಚ್ಚಾದರೆ ಅವು ಬಿಡುವ ಕಸಕ್ಕೇ ನೀರು ವಿಷವಾಗುತ್ತದೆ’ ಎಂದು ನಾನು ವಿಜ್ಞಾನ ಹೇಳಿದರೆ ಎಲ್ಲರೂ ತಲೆದೂಗಿ, ‘ಪರವಾಗಿಲ್ಲ ಸಾರ್, ಅಡ್ಜಸ್ಟ್ ಮಾಡ್ಕೊಳ್ತವೆ’ ಎನ್ನುತ್ತಿದ್ದರು. ಅಂಗಡಿಯವನು ಮಾತ್ರ ನನ್ನ ಕಷ್ಟ ಕೇಳಿ ಪರಿಹಾರ ಸೂಚಿಸಿದ. ಇನ್ನೂ ದೊಡ್ಡ ತೊಟ್ಟಿ ತಗೊಳ್ಳಿ ಎಂದ.

ಒಂದು ಬೆಳಿಗ್ಗೆ ಎರಡು ಟೆಟ್ರಾಗಳು ಸತ್ತು ತೇಲುತ್ತಿದ್ದವು. ಸುಮಿತ್ರ ಅವನ್ನು ನೋಡಿ ಕಾಫಿ ಲೋಟ ಕೆಳಗಿಟ್ಟಳು. ಆಮೇಲೆ ಹೇಳಿದಳು: ‘ನೋಡಿ, ನಂಗೆ ಮೀನಿನ ಮೇಲೆ ಸಿಟ್ಟಿಲ್ಲ. ಅವು ಬಾಯ್ ಬಾಯ್ ಬಿಡೋದು ನೋಡ್ಕೊಂಡು ನಾನು ಕಾಫಿ ಕುಡಿಯೋಕಾಗಲ್ಲ. ಗೌರಿ ಹಬ್ಬಕ್ಕೆ ಭಾಗ್ಯ ಬರ್ತಾಳೆ. ಅವಳು ಹೊರಡೋ ಹೊತ್ತಿಗೆ ಇದು ಸರಿಯಾಗ್ಲಿಲ್ಲ ಅಂದ್ರೆ ತೊಟ್ಟಿ ಈ ಮನೇಲಿರಲ್ಲ. ನಾನೇ ಕೇಳಿದವರಿಗೆ ಕೊಟ್ಬಿಡ್ತೀನಿ, ಮೀನು ಗಿಡ ಎಲ್ಲ ಸೇರಿಸಿ.’

ಭಾಗ್ಯ ನನ್ನ ತಂಗಿ. ಅನುಗೊಂಡನಹಳ್ಳಿಯ ಹತ್ತಿರ ತೋಟದ ಮನೆ, ಹಸುಗಳು, ರೇಷ್ಮೆ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ತವರಿಗೆ ಬಂದು ಹೋಗುತ್ತಾಳೆ. ಹಬ್ಬ ಹತ್ತಿರವಾದಂತೆ ನನಗೆ ಊಟ ಸೇರದಾಯಿತು. ಊರ ಕೆರೆಗೆ ಬಿಟ್ಟುಬಿಡು ಎಂದು ಯಾರೋ ಹೇಳಿದರು. ಪರದೇಶದ ಮೀನನ್ನು ಕೆರೆಗೆ ಬಿಟ್ಟು ಅಲ್ಲಿಯ ಮೀನುಗಳ ಶಾಪ ಕಟ್ಟಿಕೊಳ್ಳಲು ನಾನು ತಯಾರಿರಲಿಲ್ಲ. ತೊಟ್ಟಿ ಹೋಗುತ್ತದೆ ಎಂಬ ಯೋಚನೆಯಿಂದ ನನಗೆ ನಿಜಕ್ಕೂ ದುಃಖವಾಗುತ್ತಿತ್ತು. ನನ್ನ ದಿನದಲ್ಲಿ ನಾನು ಕಿರುಚದೆ ಇರುತ್ತಿದ್ದದ್ದು ಅದರ ಮುಂದೆ ಕೂತ ಹೊತ್ತು ಮಾತ್ರ.

ಹಬ್ಬ ಆಯಿತು. ಭಾಗ್ಯ ಹೊರಡುವ ದಿನ ಸುಮಿತ್ರ ಮಡಿಲು ತುಂಬಲು ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಬಟ್ಟೆ ಜೋಡಿಸುತ್ತಿದ್ದಳು. ತವರಿನಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಇವನ್ನೆಲ್ಲ ಹಾಕಿ ಕಳಿಸುವುದು ನಮ್ಮ ಪದ್ಧತಿ. ನಾನು ಬಾಗಿಲಿಗೆ ಒರಗಿ ತೊಟ್ಟಿಯ ಅಂತಿಮ ದರ್ಶನ ಮಾಡುತ್ತಿದ್ದೆ. ಆಗ ತಲೆಯಲ್ಲಿ ಏನೋ ಹೊಳೆಯಿತು.

‘ಸುಮಿ, ಮಡಿಲಿಗೆ ಹಾಕಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ?’

‘ತಲೆ ನೆಟ್ಟಗಿದ್ಯಾ ನಿಮ್ಗೆ? ತವರಿನ ಮಡಿಲಕ್ಕಿಗೆ ಬದಲು ಕೊಡೋದು ಎಲ್ಲಾದ್ರೂ ಉಂಟಾ?’

ನಾನು ಬಲೆ ತೆಗೆದುಕೊಂಡು ಓಡಿದೆ. ಗಿಡ ತುಂಬಿದ ತೊಟ್ಟಿಯಲ್ಲಿ ಮೀನು ಹಿಡಿಯುವುದು ಎಂಥ ಕೆಲಸವೆಂದು ಹಿಡಿದವರಿಗೇ ಗೊತ್ತು. ಅಂಗಿಯ ತೋಳು ಒದ್ದೆಯಾಯಿತು, ಪಂಚೆ ಒದ್ದೆಯಾಯಿತು, ನೆಲ ಒದ್ದೆಯಾಗಿ ಒಮ್ಮೆ ಜಾರಿಯೂ ಬಿದ್ದೆ. ಬಣ್ಣದ ಬಾಲದ ಗಂಡು ಗಪ್ಪಿಗಳನ್ನು ಬಿಟ್ಟು, ದುಂಡು ಹೊಟ್ಟೆಯ ಹೆಣ್ಣುಗಳನ್ನೆಲ್ಲ ಹುಡುಕಿ ಹುಡುಕಿ ಹಿಡಿದೆ. ಹೆಣ್ಣುಗಳು ಹೋದರೆ ಮರಿಗಳ ಕಾಟವೂ ಹೋಗುತ್ತದಲ್ಲ. ಮೋಲಿಗಳನ್ನೂ ಮೀಸೆಮೀನುಗಳನ್ನೂ ಒಂದೂ ಬಿಡದೆ ತುಂಬಿದೆ. ದೊಡ್ಡ ಮುಚ್ಚಳದ ಬಕೆಟ್ಟು ತುಂಬಿತು.

‘ಭಾಗ್ಯ, ನಿಮ್ಮ ಹಸುಗಳ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಜಾಸ್ತಿ ಅಂತಿದ್ದೆಯಲ್ಲ, ಇವನ್ನ ಬಿಡು, ಎಲ್ಲ ತಿಂದು ಹಾಕ್ತವೆ,’ ಎಂದೆ. ಅದು ಸುಳ್ಳಲ್ಲ. ಸುಮಿತ್ರ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಆಮೇಲೆ ಬಕೆಟ್ಟಿಗೂ ಅರಿಶಿನ ಕುಂಕುಮ ಹಚ್ಚಿದಳು. ಭಾಗ್ಯಳ ಸೆರಗಿಗೆ ಅಕ್ಕಿ ಬಿತ್ತು, ಪಕ್ಕದಲ್ಲಿ ಬಕೆಟ್ಟು ಕೂತಿತು. ಅವಳು ಸೆರಗಿನಿಂದ ಒಂದು ಹಿಡಿ ಅಕ್ಕಿ ತೆಗೆದು ತಟ್ಟೆಗೆ ಹಿಂದಕ್ಕೆ ಹಾಕಿದಳು. ತವರು ಬರಿದಾಗಬಾರದೆಂದು ಹೀಗೆ ಹಾಕುವುದುಂಟು. ನಾನು ಅದನ್ನು ಮರೆತೇಬಿಟ್ಟಿದ್ದೆ. ಒಂದೆರಡು ಮೀನನ್ನೂ ಹಾಗೇ ಹಿಂದಕ್ಕೆ ಹಾಕಲು ಅವಳ ಕೈ ಬಕೆಟ್ಟಿನ ಮುಚ್ಚಳದ ಕಡೆ ಹೋಯಿತು.

‘ಅಕ್ಕಿ ಸಾಕಮ್ಮ, ಅಕ್ಕಿ ಸಾಕು,’ ಎಂದು ಮುಚ್ಚಳದ ಮೇಲೆ ಕೈಯಿಟ್ಟೆ.

ಅವಳು ಕಣ್ಣೊರೆಸಿಕೊಂಡಳು. ‘ಇಷ್ಟು ಪ್ರೀತಿಯಿಂದ ಸಾಕಿದ್ದನ್ನ ಹಂಗೇ ಎತ್ತಿ ಕೊಡ್ತಿದ್ಯಲ್ಲಣ್ಣ,’ ಎಂದಳು. ಆ ಕ್ಷಣದಲ್ಲಿ ನಾನು ನಿಜವಾಗಿಯೂ ಪ್ರೀತಿಯಿಂದಲೇ ಕೊಡುತ್ತಿದ್ದೇನೆ ಎನ್ನಿಸಿತು. ನನ್ನ ಮುಖ ನೋಡಿ ಧೈರ್ಯ ಬಂದು ಅವಳು ಮುಂದುವರಿಸಿದಳು: ‘ಹಂಗಾದ್ರೆ ಆ ಕೆಂಪಗಿರೋದನ್ನೂ ಕೊಟ್ಬಿಡಣ್ಣ. ನಾನು ಬಂದಾಗಿಂದ ನನ್ನೇ ನೋಡ್ತಿದೆ.’

ಕೆಂಪರಾಯ ಗಾಜಿಗೆ ಮೂತಿ ಒತ್ತಿ ಅವಳನ್ನೇ ನೋಡುತ್ತಿತ್ತು, ದ್ರೋಹಿ. ಸೆರಗಿನಲ್ಲಿ ಮಡಿಲಕ್ಕಿ ಹಿಡಿದು ನಿಂತ ತಂಗಿ ಬಾಯಿಬಿಟ್ಟು ಕೇಳಿದಾಗ ಇಲ್ಲವೆನ್ನುವ ಅಣ್ಣ ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಅದನ್ನು ಬೇರೆ ಬಕೆಟ್ಟಿನಲ್ಲಿ ಹಾಕಿ ಕೊಟ್ಟು, ಕಾರು ತಿರುವು ದಾಟುವವರೆಗೂ ನಿಂತಿದ್ದೆ. ಒಳಗೆ ಬಂದು ಮಲಗಿಬಿಟ್ಟೆ.

ಆದರೆ ಆ ವಾರದ ಕೊನೆಗೆ ನೀರು ಕನ್ನಡಿಯಂತಾಯಿತು. ನೆಟ್ಟ ಗಿಡ ನೆಟ್ಟಲ್ಲೇ ನಿಂತಿತು. ಬೇರು ಕೀಳುತ್ತಿದ್ದದ್ದು, ಎಲ್ಲರ ಪಾಲಿನ ಕಸವನ್ನು ತಾನೊಬ್ಬನೇ ಹಾಕುತ್ತಿದ್ದದ್ದು ನಮ್ಮ ಯಜಮಾನ ಕೆಂಪರಾಯನೇ ಎಂದು ಆಗ ಗೊತ್ತಾಯಿತು. ಗಿಡಗಳ ಹಿಂದೆ ಅಡಗಿರುತ್ತಿದ್ದ ಟೆಟ್ರಾಗಳು ಗುಂಪಾಗಿ ಹೊರಗೆ ಬಂದವು. ಎಲೆಗಳಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಸುಮಿತ್ರ ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ಕೂತು, ಕಾಫಿ ಪೂರ್ತಿ ಕುಡಿದು, ‘ಇರ್ಲಿ ಬಿಡಿ,’ ಎಂದಳು. ನಮ್ಮ ಮದುವೆಯಾದಾಗಿನಿಂದ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು. ಕೆಂಪರಾಯನನ್ನು ಕಳಿಸಿದ್ದು ನಾನು ಮೊದಲೇ ಹಾಕಿಕೊಂಡ ಯೋಜನೆ ಎಂದು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ರಿಯಾಜ್ ಭಾಯ್ ಬಂದು ನೋಡಿ, ‘ಏನ್ ಸಾಬ್, ಖಾಲಿ ಖಾಲಿ? ನಾಳೆ ತಂದ್ಕೊಡ್ತೀನಿ ತಗೊಳ್ಳಿ,’ ಎಂದು ಮರುಗಿದರು. ಈ ಸಲ ನಾನು ವಿಜ್ಞಾನ ಹೇಳಲಿಲ್ಲ. ‘ಇಲ್ಲ ಭಾಯ್, ಮಡಿಲು ತುಂಬಿ ಕಳಿಸಿದ ತೊಟ್ಟಿ ಇದು. ಇದಕ್ಕೆ ಹೊಸ ಮೀನು ಬಿಡೋ ಹಾಗಿಲ್ಲ, ನಮ್ಮಲ್ಲಿ ಶಾಸ್ತ್ರ,’ ಎಂದೆ. ಅಲ್ಲಿಯೇ ಹುಟ್ಟಿದ ಶಾಸ್ತ್ರ ಅದು, ಅದರ ವಯಸ್ಸು ಒಂದು ಉಸಿರಿನಷ್ಟು. ರಿಯಾಜ್ ಭಾಯ್ ತಕ್ಷಣ ಕೈಯೆತ್ತಿ, ‘ರಿವಾಜ್ ಅಂದ್ಮೇಲೆ ಬೇಡ ಬಿಡಿ,’ ಎಂದರು. ಗಾರ್ಮೆಂಟ್ಸ್‌ನಲ್ಲೂ ಹೇಳಿದೆ. ಅಡ್ಜಸ್ಟ್ ಮಾಡಿಕೊಳ್ಳುತ್ತವೆ ಎಂದು ಒಬ್ಬನೂ ಅನ್ನಲಿಲ್ಲ. ತೊಟ್ಟಿಗೆ ಅದರ ಅಳತೆಗೆ ತಕ್ಕಷ್ಟೇ ಮೀನು, ಮೇಲೊಂದು ಬಾಲ ಕೂಡ ಇಲ್ಲ. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಮೊನ್ನೆ ಸಂಬಳದ ದಿನ ಕಾಲು ತಾನಾಗಿಯೇ ಮೀನಿನ ಅಂಗಡಿಯ ಕಡೆ ತಿರುಗಿತು. ಅಲ್ಲೊಂದು ನೀಲಿ ಮೀನು. ಅಂಥ ನೀಲಿಯನ್ನು ನಾನು ರೇಷ್ಮೆ ಸೀರೆಯಲ್ಲೂ ನೋಡಿರಲಿಲ್ಲ. ಒಂದೇ ಒಂದು ತಾನೆ, ಪುಟ್ಟದು ಎಂದುಕೊಂಡು ಕವರಿನಲ್ಲಿ ಹಾಕಿಸಿ, ಬೆನ್ನ ಹಿಂದೆ ಹಿಡಿದು ಮನೆಗೆ ಬಂದೆ. ಸುಮಿತ್ರ ಬಾಗಿಲಲ್ಲೇ ನಿಂತಿದ್ದಳು.

‘ಮಡಿಲು ತುಂಬಿ ಕಳಿಸಿದ ತೊಟ್ಟಿ ಅದು,’ ಎಂದಳು.

‘ಅದು ನಾನು ಸುಮ್ನೆ ಕಟ್ಟಿದ್ದು ಕಣೇ. ನಿಂಗೆ ಗೊತ್ತಲ್ಲ.’

‘ಕಟ್ಟಿದ್ದು ನೀವೇ ಇರಬಹುದು. ಬೀದಿಯೆಲ್ಲ ನಂಬಿದೆ. ರಿಯಾಜ್ ಭಾಯ್ ಮನೇಲೂ ಈಗ ತೊಟ್ಟಿಗೆ ಹೊಸ ಮೀನು ಬಿಡಲ್ವಂತೆ. ನಾಳೆ ಬಂದು ಇದನ್ನ ನೋಡಿದ್ರೆ ನಾನೇನು ಹೇಳ್ಲಿ ಅವರಿಗೆ?’

ನಾನು ಕೆಂಪರಾಯನಂತೆ ಬಾಯಿ ತೆರೆದು ಮುಚ್ಚಿದೆ. ಮೀನನ್ನು ವಾಪಸು ಕೊಡಲು ಕವರು ಹಿಡಿದುಕೊಂಡು ಅಂಗಡಿಯ ಕಡೆಗೇ ತಿರುಗಿ ನಡೆದೆ. ದಾರಿಯುದ್ದಕ್ಕೂ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಕಟ್ಟಿದ ಶಾಸ್ತ್ರ ನನ್ನನ್ನೂ ಬಾಗಿಲಿಂದಾಚೆ ನಿಲ್ಲಿಸುವಷ್ಟು ಗಟ್ಟಿಯಾಗಿತ್ತಲ್ಲ ಎಂದು ಹೆಮ್ಮೆಯೇ ಆಯಿತು.