ಕಾಕಾನ ಎರಡನೆಯ ಮನೆ ಮತ್ತು ಅದರ ಬ್ಯಾಟರಿ

ನಮ್ಮ ಕಾಕಾ ಎರಡು ಮನೆ ಮಾಡಿದ್ದರು. ಇದು ಗೋಕಾಕದಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಎರಡನೆಯ ಮನೆಯಲ್ಲಿ ಮಂಚ, ಕನ್ನಡಿ, ಕಿಟಕಿಗೆ ಹೂವಿನ ಪರದೆ ಎಲ್ಲ ಇದ್ದವು. ಊಟವಾದೊಡನೆ ಕಾಕಾ ತಾಂಬೂಲ ಹಾಕಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಅವರ ಹೆಂಡತಿ ಕಾಕೂಗೆ ಇದರಿಂದ ಎಳ್ಳಷ್ಟೂ ಬೇಸರವಿರಲಿಲ್ಲ. ಪರದೆಯ ಬಟ್ಟೆ ಆರಿಸಿದವರೇ ಅವರು. ನೀವು ತಪ್ಪು ತಿಳಿಯುವ ಮೊದಲೇ ಹೇಳಿಬಿಡುತ್ತೇನೆ: ಆ ಮನೆಗೆ ನಾಲ್ಕು ಗಾಲಿಗಳಿದ್ದವು!

ಕಾಕಾ ಎಂದರೆ ನಮ್ಮ ಮಾವನವರ ತಮ್ಮ. ಅರಳೆ ವ್ಯಾಪಾರ ಮಾಡಿಕೊಂಡಿದ್ದವರು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಲಿಲಾವಿಗಿಟ್ಟ ಹಳೆಯ ಅಂಬ್ಯುಲನ್ಸ್ ಗಾಡಿಯೊಂದನ್ನು ಕೊಂಡು ತಂದರು. ಗಾಯಾಳು ಸೈನಿಕರು ಮಲಗುತ್ತಿದ್ದ ಜಾಗದಲ್ಲಿ ಸಾಗವಾನಿ ಮಂಚ ಬಂತು, ಸ್ಟೋವು ಬಂತು, ದೇವರ ಗೂಡೂ ಬಂತು. ಇಷ್ಟೆಲ್ಲ ಯಾಕೆ ಎಂದರೆ ಕಾಕೂಗೆ ದಮ್ಮು. ಬಸ್ಸಿನ ಗದ್ದಲ, ಧೂಳು, ಬೀಡಿಯ ಹೊಗೆ ಅವರಿಗೆ ಆಗುತ್ತಿರಲಿಲ್ಲ. "ಬಸ್ಸಿನ್ಯಾಗ ಆಕಿ ಹೋಗಾಕ ಆಗಂಗಿಲ್ಲಂದ್ರ ಮನಿನ ಹೊಂಡಲಿ" ಎಂದರಂತೆ ಕಾಕಾ.

ಮಂಚದ ತಲೆಯ ಕಡೆ ಒಂದು ಪುಟ್ಟ ಫ್ಯಾನು ಇತ್ತು. ಅದಕ್ಕಾಗಿ ಎರಡನೆಯ ಬ್ಯಾಟರಿ. ಗಾಡಿ ಓಡಿಸುವ ಬ್ಯಾಟರಿ ಮುಂದೆ, ಫ್ಯಾನು ದೀಪ ನೋಡಿಕೊಳ್ಳುವ ಬ್ಯಾಟರಿ ಮಂಚದ ಕೆಳಗೆ. ಮೊದಲನೆಯದಕ್ಕೆ ಕಾಕಾ 'ಗಾಡಿ ಬ್ಯಾಟರಿ' ಎಂದೂ ಎರಡನೆಯದಕ್ಕೆ 'ಮನಿ ಬ್ಯಾಟರಿ' ಎಂದೂ ಹೆಸರಿಟ್ಟಿದ್ದರು. ಗಾಡಿ ಬ್ಯಾಟರಿಯನ್ನು ಆಳಿನಂತೆ ನೋಡುತ್ತಿದ್ದರು, ಮನಿ ಬ್ಯಾಟರಿಯನ್ನು ಅಳಿಯನಂತೆ.

ಆ ವರ್ಷ ಹುಕ್ಕೇರಿಗೆ ಕೊಟ್ಟ ಅವರ ಒಬ್ಬಳೇ ಮಗಳು ಚೊಚ್ಚಲ ಬಸುರಿ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕುಬಸದ ದಿನ ಗೊತ್ತಾಯಿತು. ಬೀಗರ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಗಾಳಿ ಆಡದ ಮನೆಯಲ್ಲಿ ಉಳಿಯಕೂಡದು ಎಂದು ಡಾಕ್ಟರು ಕಾಕೂಗೆ ಕಟ್ಟಪ್ಪಣೆ ಮಾಡಿದ್ದರು. ಅಂದರೆ ಫ್ಯಾನು ತಿರುಗಿದರೆ ತಾಯಿ ಮಗಳ ಕುಬಸಕ್ಕೆ ಹೋಗುತ್ತಾಳೆ, ತಿರುಗದಿದ್ದರೆ ಇಲ್ಲ.

ಪರೀಕ್ಷೆಗೆಂದು ಕಾಕಾ ನಮ್ಮನ್ನೆಲ್ಲ ಮೂಡಲಗಿಗೆ ಹೊರಡಿಸಿದರು. ಸಂತೆಯ ಬಾಜೂ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಫ್ಯಾನು ಹಚ್ಚಿದರು. ನಾವು ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಹಿಂಡಿ ಬಡಿಸುವಷ್ಟರಲ್ಲಿ ಫ್ಯಾನು ಮುದುಕರ ನಡಿಗೆಗೆ ಬಂತು. ಮೊಸರು ಬಡಿಸುವಾಗ ನಿಂತೇ ಹೋಯಿತು. ಕಾಕೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಏನೂ ಆಗಿಲ್ಲ ಎಂಬಂತೆ ಕಿಟಕಿಯಾಚೆ ನೋಡುತ್ತಿದ್ದರು. ಅವರ ಉಸಿರು ಸಣ್ಣಗೆ ಸೀಟಿ ಹೊಡೆಯುತ್ತಿದ್ದುದು ನನಗೆ ಕೇಳಿಸಿತು.

"ಬ್ಯಾಟರಿ ಸತ್ತೈತಿ" ಎಂದರು ಕಾಕಾ.

ಎದುರಿನ ಅಂಗಡಿಯವನಿಗೆ ಇಷ್ಟೇ ಸಾಕಾಯಿತು. ನಮ್ಮ ಕಡೆ ಬ್ಯಾಟರಿ ಎಂದರೆ ಕೈಯಲ್ಲಿ ಹಿಡಿದು ಹೊಲಕ್ಕೆ ಹೋಗುವ ಟಾರ್ಚು ತಾನೆ? ಎರಡು ಶೆಲ್ ಹಿಡಿದು ಓಡಿ ಬಂದ.

"ತಗೋರಿ ಸಾವಕಾರ್ರ, ಹಾಕಿ ಬುಡಕ್ಕ ಒಂದ ಏಟ ಕೊಡ್ರಿ, ಹತ್ತತೈತಿ."

"ತಮ್ಮಾ, ನನ್ನ ಬ್ಯಾಟರಿಗೆ ಏಟ ಕೊಡಾಕ ಇಬ್ರು ಪೈಲವಾನ್ರು ಬೇಕು."

"ಹಂಗಾರ ಅದೆಂಥಾ ಬ್ಯಾಟರಿರಿ? ಅದನ ಹಿಡಕೊಂಡು ಹೊಲಕ್ಕ ಹ್ಯಾಂಗ ಹೊಕ್ಕೀರಿ?"

ಕಾಕಾ ಗಾಡಿ ತಿರುಗಿಸಿದರು.

ಮರುದಿನದಿಂದ ಗೋಕಾಕದ ನಮ್ಮ ಅಂಗಳ ದವಾಖಾನೆಯಾಯಿತು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಹೀಗಾಗಿ ಬ್ಯಾಟರಿಯ ವಿಚಾರ ನನಗೆ ಗೊತ್ತಿರಲೇಬೇಕು ಎಂದು ಕಾಕಾ ನಂಬಿದ್ದರು. ನನಗೆ ಸಿಸ್ಟರುಗಳು ಕಲಿಸಿದ್ದು ಕ್ರೋಶಾ ಹೆಣೆಯುವುದು, ಪಿಯಾನೋದ ಮೇಲಿನ ಧೂಳು ಒರೆಸುವುದು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಏನು ಸಂಭ್ರಮ ಅಂತೀರಿ! ಮೊದಲು ಡೈನಮೋದ ಬೆಲ್ಟಿನ ಮೇಲೆ ಸಂಶಯ. ಬಿಗಿ ಮಾಡಿದ್ದಾಯಿತು. ಆಮೇಲೆ ವೈರಿನ ಮೇಲೆ. ಕೆರೆದು ಫಳಫಳ ಮಾಡಿದ್ದಾಯಿತು. ಕೊನೆಗೆ ದೇವರ ಗೂಡಿನ ಕೆಂಪು ದೀಪದ ಮೇಲೂ ಸಂಶಯ ಬಂತು. "ಈತ ಕದ್ದು ಕುಡ್ಯಾಕತ್ತಾನೇನು?" ಎಂದು ಕಾಕಾ ದೇವರನ್ನೇ ಸ್ವಲ್ಪ ದಿನ ಕತ್ತಲೆಯಲ್ಲಿ ಕೂಡಿಸಿದರು.

ಉಳಿದದ್ದು ಬ್ಯಾಟರಿಯ ಹೊಟ್ಟೆ. ಅದಕ್ಕೆ ಸಾಲಾಗಿ ಆರು ಬಾಯಿ, ಆರು ಮುಚ್ಚಳ. ಕಾಕಾ ಗಾಜಿನ ನಳಿಗೆಯೊಂದನ್ನು ಒಂದೊಂದೇ ಬಾಯಿಗೆ ಇಳಿಸಿ ಒಳಗಿನ ನೀರು ಹೀರುವರು. ನಳಿಗೆಯೊಳಗೆ ಒಂದು ಬೆಂಡು ತೇಲುತ್ತದೆ; ಎತ್ತರ ತೇಲಿದರೆ ಬ್ಯಾಟರಿ ಗಟ್ಟಿ, ಮುಳುಗಿದರೆ ಸೊರಗಿದೆ ಎಂದು ಲೆಕ್ಕ. ಐದು ಬಾಯಿಗಳಲ್ಲಿ ಬೆಂಡು ಅಷ್ಟಕ್ಕಷ್ಟೇ. ಮೂರನೆಯದರಲ್ಲಿ ಮಾತ್ರ ಟಣ್ಣನೆ ಮೇಲೆದ್ದು ನಿಂತಿತು!

"ಇದೊಂದ ನೋಡ್ವಾ ಮನಿತನಸ್ಥ" ಎಂದರು ಕಾಕಾ.

"ಕಾಕಾ, ಉಳಿದದ್ದರ ನೀರು ತಿಳಿ ಐತಿ. ಇದರದು ಚಾದ ಬಣ್ಣ ಐತಲ್ರಿ?"

"ಪಕ್ವ ಆಗೇತಿ ಅದು."

ಫ್ಯಾನು ಹಚ್ಚಿ ನೋಡಿದರೆ ಮೂರನೆಯ ಬಾಯಿ ಮಾತ್ರ ಗುಳುಗುಳು ನೊರೆ ಬಿಡುತ್ತಿತ್ತು. "ಪಾಪ, ಇದೊಂದ ದುಡ್ಯಾಕತ್ತೈತಿ, ಉಳದಾವು ಮೈಗಳ್ಳ" ಎಂದು ಕಾಕಾ ಮಿಕ್ಕ ಐದನ್ನೂ ಬೈದರು. ಕೈಕೆಳಗಿನವರಲ್ಲಿ ಯಾರು ಕೆಲಸಗಾರರು ಎಂಬುದನ್ನು ಸದ್ದಿನಿಂದ ಅಳೆಯುವ ಯಜಮಾನರು ಎಲ್ಲ ಕಡೆ ಇರುತ್ತಾರಲ್ಲವೆ?

ಕುಬಸದ ದಿನ ಹತ್ತಿರ ಬಂತು. ಹಸಿರು ಸೀರೆ ಮಡಚಿದ್ದಾಯಿತು, ಬಳೆ ಬಂದದ್ದಾಯಿತು. "ನಾ ಬರದಿದ್ರ ಏನಾತು, ನೀ ಇದ್ದಿ, ನೀನ ಉಡಿ ತುಂಬು" ಎಂದು ಕಾಕೂ ನನಗೆ ಸೀರೆಯ ಗಂಟನ್ನು ಒಪ್ಪಿಸಿಯೂಬಿಟ್ಟರು. ಒಪ್ಪಿಸಿದ ಮೇಲೂ ಅವರ ಕೈ ಗಂಟಿನ ಮೇಲೆಯೇ ಇತ್ತು.

ನಾನು ಗಂಟನ್ನು ಗಾಡಿಯಲ್ಲಿಡಲು ಹೋದೆ. ಮಂಚದ ಕೆಳಗೆ ನೋಡಿದರೆ ಕೆಂಪಿರುವೆಗಳ ಸಾಲು. ಗಾಲಿಯಿಂದ ಹತ್ತಿ, ಹಲಗೆಯ ಸಂದಿಯಲ್ಲಿ ನುಸುಳಿ, ಬ್ಯಾಟರಿಯ ಮೊದಲ ಮುಚ್ಚಳ ದಾಟಿ, ಎರಡನೆಯದನ್ನು ದಾಟಿ, ಮೂರನೆಯದನ್ನು ಮುತ್ತಿ ನಿಂತಿದ್ದವು. ಆ್ಯಸಿಡ್ಡಿಗೆ ಇರುವೆ ಹತ್ತುವುದನ್ನು ಎಲ್ಲಾದರೂ ಕೇಳಿದ್ದೀರಾ?

ಅಡಿಗೆಮನೆಗೆ ಓಡಿದೆ. "ಕಾಕೂ, ಮನಿ ಬ್ಯಾಟರಿಗೆ ನೀರು ಹಾಕಿದವರು ಯಾರ್ರಿ?"

"ನಾನವಾ. ಮೂಡಲಗಿಗೆ ಹೋಗೂ ಹಿಂದಿನ ದಿನಾ ಇವರು ಪ್ಯಾಟಿಗೆ ಹೊಂಡೂ ಮುಂದ ಹೇಳಿದ್ರಲ್ಲ, ಮೂರನೇ ಬಾಯಿಗೆ ಭಾಳ ನೀರಡಿಕಿ ಆಗೇತಿ, ಬಾಟ್ಲಿದಾಗಿನ ನೀರ ಕುಡಸು ಅಂತ."

"ಬರೇ ನೀರ?"

ಕಾಕೂ ನನ್ನನ್ನು ವಿಚಿತ್ರವಾಗಿ ನೋಡಿದರು. "ಬಿಸಲಾಗ ದುಡದು ಬಂದಾವರಿಗೆ ಬರೇ ನೀರ ಕೊಡತಾರೇನವಾ? ಒಂದ ಚೂರ ಬೆಲ್ಲಾ ಕರಗಿಸಿ ಹಾಕಿದೆ."

ಬೆಲ್ಲವಿಲ್ಲದೆ ನೀರು ಕೊಡುವುದು ನಮ್ಮಲ್ಲಿ ಅವಮಾನ ಮಾಡಿದಂತೆ, ಖರೆ. ಆದರೆ ಬ್ಯಾಟರಿಗೆ? ಬೆಲ್ಲದ ಪಾಕದಲ್ಲಿ ಬೆಂಡು ತೇಲದೆ ಇನ್ನೇನು ಮಾಡೀತು! ದುಡಿಯುತ್ತಿದೆ ಎಂದುಕೊಂಡ ಬಾಯಿಯೇ ಕೆಟ್ಟು ಕೂತಿತ್ತು. ಹಿಂದೆ ತಿರುಗಿದರೆ ಬಾಗಿಲಲ್ಲಿ ಕಾಕಾ. ಎಲ್ಲ ಕೇಳಿಸಿಕೊಂಡಿದ್ದರು. ಒಂದು ಸ್ಕ್ರೂ ಕಳೆದರೆ ಓಣಿಗೇ ಕೇಳುವಂತೆ ಕೂಗುವ ಮನುಷ್ಯ ಅವರು.

"ಏನ್ರೀ, ನನ್ನಿಂದ ಏನರ ಕೆಟ್ಟತೇನು?" ಕಾಕೂ ಕೇಳಿದರು.

"ಕೆಡೂದೇನ ಬಂತು" ಎಂದರು ಕಾಕಾ. "ನೀ ನೀರ ಕುಡಿಸಿದ್ದರಾಗ ಬೆಂಡ ಎಲ್ಲಾಕಿಂತ ಮ್ಯಾಲ ಐತಿ. ಬೇಕಾರ ಈಕಿನ್ನ ಕೇಳು."

ನಾನು ತಲೆಯಾಡಿಸಿದೆ. ಕಾನ್ವೆಂಟಿನಲ್ಲಿ ಕಲಿತ ಸತ್ಯಕ್ಕೂ ಅದರಿಂದ ಭಂಗವಾಗಲಿಲ್ಲ.

ಅಂದೇ ಕಾಕಾ ಮೂರನೆಯ ಬಾಯಿಯ ಜೋಡಣೆಯನ್ನು ಕತ್ತರಿಸಿ, ಎರಡನೆಯದನ್ನೂ ನಾಲ್ಕನೆಯದನ್ನೂ ದಪ್ಪ ಸೀಸದ ಪಟ್ಟಿಯಿಂದ ಕೂಡಿಸಿದರು. ಪಂಕ್ತಿಯಲ್ಲಿ ಒಬ್ಬರು ಎದ್ದುಹೋದರೆ ಆಚೀಚಿನವರು ಸರಿದು ಕೂಡುವುದಿಲ್ಲವೆ, ಹಾಗೆ. ಮಧ್ಯಾಹ್ನ ಹಚ್ಚಿದ ಫ್ಯಾನು ಸಂಜೆ ದೀಪ ಹಚ್ಚುವ ಹೊತ್ತಿಗೂ ತಿರುಗುತ್ತಿತ್ತು. ಐದೇ ಬಾಯಿ ಉಳಿದಿದ್ದರಿಂದ ವೇಗ ಮಾತ್ರ ಇಳಿದಿತ್ತು. ಅದೇ ಕಾಕಾನಿಗೆ ನೋವು. "ಅರ್ಧಾ ಗಾಳಿ" ಎಂದು ಹುಕ್ಕೇರಿಯ ದಾರಿಯುದ್ದಕ್ಕೂ ಗೊಣಗಿದರು.

ಕುಬಸ ಚೆಂದಾಯಿತು. ಕಾಕೂ ತಮ್ಮ ಕೈಯಿಂದಲೇ ಮಗಳಿಗೆ ಬಳೆ ತೊಡಿಸಿದರು, ಉಡಿ ತುಂಬಿದರು. ಊಟದ ನಂತರ ತಾಯಿ ಮಗಳು ಗಾಡಿಯ ಮಂಚದ ಮೇಲೆ ಒರಗಿದರು. ಕಾಕಾ ಗಾಲಿಗೆ ಕಲ್ಲು ಕೊಡುವ ನೆಪದಲ್ಲಿ ಕಿಟಕಿಯ ಕೆಳಗೇ ಕೂತಿದ್ದರು. ನಾನು ಪಕ್ಕದಲ್ಲಿ ಎಲೆ ಅಡಿಕೆ ಹಿಡಿದು ನಿಂತಿದ್ದೆ.

"ಗಾಳಿ ಸಾಲತೈತೇನವಾ?" ಮಗಳು ಕೇಳಿದಳು.

"ಇವತ್ತ ನೋಡು, ಹಿತಾ ಅನಸಾಕತ್ತೈತಿ" ಎಂದರು ಕಾಕೂ. "ಇಷ್ಟ ದಿನಾ ಮುಖಕ್ಕ ಬಡದು ಬಡದು ತಲಿ ಸಿಡೀತಿತ್ತು. ನಿಮ್ಮಪ್ಪಗ ಹೇಳಬ್ಯಾಡ. ಫ್ಯಾನ ಹಚ್ಚಿ ನನ್ನ ಮುಖಾ ನೋಡೂ ಮುಂದ ಭಾಳ ಖುಷಿ ಆಗತೈತಿ ಅವರಿಗೆ."

ಕಾಕಾ ನನ್ನ ಕಡೆ ನೋಡಲಿಲ್ಲ. ಎಲೆ ಬೇಕೆ ಎಂದೆ, ಕೈ ಅಲ್ಲಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಎದ್ದು, ಕಿಟಕಿಯಿಂದ ಕೈ ಚಾಚಿ, ನಿದ್ದೆಹೋಗಿದ್ದ ಕಾಕೂನ ಹಣೆಯ ಮೇಲೆ ಹಾರುತ್ತಿದ್ದ ಪರದೆಯ ಅಂಚನ್ನು ಈಚೆಗೆ ಎಳೆದು ಹಿಡಿದುಕೊಂಡು ನಿಂತರು.