ಹೋಳಿಗೆಗೆ ಒಗ್ಗದ ಬಾಟಲಿ

ಯಾವುದರ ಜೊತೆ ಯಾವುದನ್ನು ತಿನ್ನಬೇಕು ಎಂಬ ವಿಷಯದಲ್ಲಿ ಗದಗ-ಬೆಟಗೇರಿಯಲ್ಲಿ ನನ್ನದೇ ಕೊನೆಯ ಮಾತು. ಇದನ್ನು ಬೇರೆ ಯಾರೂ ಒಪ್ಪಿಲ್ಲ, ಆದರೂ ಅದು ನಿಜ. ಗಿರಮಿಟ್ಟಿನ ಪಕ್ಕ ಮಿರ್ಚಿ ಭಜಿ ಇಲ್ಲದಿದ್ದರೆ ತಟ್ಟೆಯನ್ನೇ ವಾಪಸ್ ಕಳಿಸುವವನು ನಾನು. ಸಜ್ಜೆ ರೊಟ್ಟಿಗೆ ಶೇಂಗಾ ಚಟ್ನಿ ಬಡಿಸಿದವರಿಗೆ, ಗುರೆಳ್ಳು ಚಟ್ನಿ ಎಲ್ಲಿ ಎಂದು ಮದುವೆಯ ಪಂಕ್ತಿಯಲ್ಲೇ ಕೇಳಿ ಹೆಂಡತಿಯಿಂದ ಮೊಣಕೈಯಲ್ಲಿ ತಿವಿಸಿಕೊಂಡಿದ್ದೇನೆ. ಮೇಲಾಗಿ ನನ್ನದು ಖಾರದ ಪುಡಿಯ ಗಿರಣಿ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು ಎಂದು ಹದವರಿತು ಮೆಣಸಿನಕಾಯಿ ಕೂಡಿಸುವುದೇ ಕಸುಬು. ಇಂಥವನ ಮನೆಗೆ ಫ್ರಾನ್ಸಿನದೊಂದು ವೈನ್ ಬಾಟಲಿ ಬಂದರೆ ಅಂಜುವ ಪ್ರಶ್ನೆಯೇ ಇಲ್ಲ.

ಅಂಜಿದವಳು ನನ್ನ ಹೆಂಡತಿ ಗಿರಿಜಾ. ಬಾಟಲಿ ಕಳಿಸಿದವರು ಮುಂಡರಗಿಯ ಶಂಕರಪ್ಪನವರು, ನಮ್ಮ ಮಗಳು ಶೈಲಾಳನ್ನು ಸೊಸೆಯಾಗಿ ತಂದುಕೊಳ್ಳುವ ಮಾತುಕತೆಯಲ್ಲಿದ್ದವರು. ಹುಡುಗ ಹುಡುಗಿ ಆಗಲೇ ಒಪ್ಪಿದ್ದರು, ಶಂಕರಪ್ಪನವರು ಹೂಂ ಅನ್ನುವುದೊಂದು ಬಾಕಿ. ಯುರೋಪ್ ಪ್ರವಾಸ ಮುಗಿಸಿ ಬಂದವರೇ ಬಾಟಲಿ ಕಳಿಸಿ, "ರವಿವಾರ ಊಟಕ್ಕ ಬರತೇವ್ರಿ" ಎಂದು ಫೋನ್ ಮಾಡಿದರು.

"ಇದು ಉಡುಗೊರಿ ಅಲ್ರೀ, ಪರೀಕ್ಷಾ. ನೀವು ಕುಡೀತೀರೇನು ಅಂತ ನೋಡಾಕ ಕಳಿಸ್ಯಾರ. ಅಟ್ಟದ ಮ್ಯಾಲೆ ಇಟ್ಟು ಸುಮ್ಮನಿರ್ರಿ" ಎಂದಳು ಗಿರಿಜಾ.

"ಫ್ರಾನ್ಸ್ ನೋಡಿ ಬಂದ ಮನುಷ್ಯಾ ಅಂವ. ಅಟ್ಟಕ್ಕ ಇಟ್ರ ಇವರಿಗೇನೂ ತಿಳಿಯಂಗಿಲ್ಲ ಅಂತಾನ" ಎಂದೆ.

ಶೈಲಾ ಮಾತ್ರ, "ಅಪ್ಪಾ, ಏನರ ಮಾಡು, ಇದೊಂದು ಸಂಬಂಧ ಕೆಡಸಬ್ಯಾಡ" ಎಂದು ಕಣ್ಣಲ್ಲಿ ನೀರು ತಂದಳು. ಬಾಟಲಿಗೆ ತಕ್ಕ ಊಟ ಹಾಕಿಯೇ ಈ ಸಂಬಂಧ ಗಟ್ಟಿ ಮಾಡುತ್ತೇನೆ ಎಂದು ಆಗಲೇ ತೀರ್ಮಾನಿಸಿದೆ.

ಮೊಬೈಲ್ ಹಿಡಿದು ಓದಲು ಕುಳಿತೆ. ಅದು ದಕ್ಷಿಣ ಫ್ರಾನ್ಸಿನ ಕೆಂಪು ವೈನು, ಮೂರು ಜಾತಿಯ ದ್ರಾಕ್ಷಿ ಕೂಡಿಸಿದ್ದು. ಹಣ್ಣಿನ ಸವಿಗೆ ಗ್ರೆನಾಶ್, ಬಣ್ಣಕ್ಕೂ ಘಾಟಿಗೂ ಸಿರಾ, ಗಟ್ಟಿತನಕ್ಕೆ ಮೂರ್ವೇದ್ರ.

"ಮೂರು ವೇದ ಯಾಕ್ರಿ, ನಾಕಲ್ಲೇನು?" ಎಂದಳು ಗಿರಿಜಾ. ಅದು ದ್ರಾಕ್ಷಿಯ ಹೆಸರೆಂದು ಬಿಡಿಸಿ ಹೇಳಿದೆ. "ಮೂರು ಕೂಡಿಸಿದ್ರ ಕಲಬೆರಕಿ ಆತಲ್ಲ!" ಎಂದಳು. ಗಿರಣಿಯ ಬಾಗಿಲಿಗೆ 'ಇಲ್ಲಿ ಕಲಬೆರಕೆ ಇಲ್ಲ' ಎಂದು ಫಲಕ ಹಾಕಿಸಿದವನೇ ನಾನು. ಇಟ್ಟಂಗಿ ಪುಡಿ ಬೆರೆಸಿದರೆ ಕಲಬೆರಕೆ, ಬ್ಯಾಡಗಿಗೆ ಗುಂಟೂರು ಬೆರೆಸಿದರೆ ಹದ, ಫ್ರಾನ್ಸಿನವರದ್ದೂ ನನ್ನದೂ ಒಂದೇ ವಿದ್ಯೆ ಎಂದು ತಿಳಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಈ ವೈನಿನ ಜೊತೆ ಸುಟ್ಟ ಕುರಿಮಾಂಸ, ಆಲಿವ್ ಕಾಯಿ, ಹಳೆಯ ಚೀಸು ಇರಬೇಕಂತೆ. ನಮ್ಮದು ಮಾಂಸ ಹೊಸ್ತಿಲು ದಾಟದ ಮನೆ. ಅದಕ್ಕೇನಂತೆ? ಮಾಂಸದ ಜಾಗಕ್ಕೆ ಬದನೆಕಾಯಿ ಎಣ್ಣೆಗಾಯಿ, ಆಲಿವಿಗೆ ಉಪ್ಪಿನಲ್ಲಿಟ್ಟ ನೆಲ್ಲಿಕಾಯಿ, ಚೀಸಿಗೆ ಕೆನೆಮೊಸರು ಎಂದು ಗೊತ್ತುಮಾಡಿದೆ. ತೊಡಕು ಎದುರಾದದ್ದು ಆಮೇಲೆ. ಖಾರ ಹೆಚ್ಚಾದರೆ ಈ ವೈನು ಬಾಯಿ ಸುಡುತ್ತದಂತೆ, ಸಿಹಿಯ ಜೊತೆ ಹುಳಿಯೆನಿಸುತ್ತದಂತೆ. ಆದ್ದರಿಂದ ಖಾರ ಕಡಿಮೆ, ಹೋಳಿಗೆ ಬಂದ್ ಎಂದು ಘೋಷಿಸಿದೆ.

"ಖಾರದ ಗಿರಣಿಯವರ ಮನ್ಯಾಗ ಸಪ್ಪನ ಪಲ್ಯಾ, ಬೀಗರ ಊಟಕ್ಕ ಹೋಳಿಗಿ ಇಲ್ಲ! ಬ್ಯಾರೆ ಹುಡುಗನ್ನ ಹುಡುಕೂಣು ತಗೋರಿ" ಎಂದು ಗಿರಿಜಾ ಸೆರಗು ಕೊಡವಿ ಒಳಗೆ ಹೋದಳು.

ರವಿವಾರ ಶಂಕರಪ್ಪನವರು ಹೆಂಡತಿಯೊಡನೆ ಬಂದರು. ಎಣ್ಣೆಗಾಯಿ, ನೆಲ್ಲಿಕಾಯಿಗಳ ಮರ್ಮ ವಿವರಿಸಿ ಬಾಟಲಿ ಕೈಗೆತ್ತಿಕೊಂಡೆ. ಎಲ್ಲವನ್ನೂ ಓದಿದವನು ಬಿರಡೆ ತೆಗೆಯುವುದನ್ನು ಮಾತ್ರ ಓದಿರಲಿಲ್ಲ! ಗೋಲಿ ಸೋಡಾದಂತೆ ಹೆಬ್ಬೆರಳಿನಿಂದ ಒತ್ತಿದೆ, ಅಲುಗಲಿಲ್ಲ. ಹಲ್ಲು ಹಾಕಿದೆ. ಮೊಳೆ ಹೊಡೆದು ಇಕ್ಕಳದಿಂದ ಎಳೆದರೆ ಮೊಳೆಯಷ್ಟೇ ಬಂತು. ಕೊನೆಗೆ ಬಾಟಲಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ನೆಲಕ್ಕೆ ಕುಳಿತೆ. ಹೊಸ ಧೋತರದ ತುಂಬ ಬಿರಡೆಯ ಪುಡಿ. ಶೈಲಾ ಅಡುಗೆಮನೆಯ ಬಾಗಿಲಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಮಗಳ ಸಂಬಂಧ ನನ್ನ ಕೈಯಾರೆ ಕೆಟ್ಟಿತು ಎಂದುಕೊಂಡೆ.

ಶಂಕರಪ್ಪನವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಬಿಡ್ರಿ ಬೀಗರ, ಬಿಡ್ರಿ! ಖರೆ ಹೇಳತೇನಿ, ನೀವು ಸಂಜೀಕ ತಗೋತೀರಿ ಅಂತ ಯಾರೋ ಕಿವಿ ಊದಿದ್ರು. ಅದಕ್ಕ ಬಾಟ್ಲಿ ಕಳಿಸಿದ್ದೆ. ಕುಡಿಯೋ ಮನುಷ್ಯಾ ಬೂಚು ತಗಿಯಾಕ ಹಿಂಗ ಹೆಣಗತಾನೇನ್ರಿ? ಶೈಲಾ ಇನ್ನ ನಮ್ಮ ಮನಿ ಮಗಳು."

ಗಿರಿಜಾ ಒಳಗಿನಿಂದ ಹೋಳಿಗೆಯ ಬುಟ್ಟಿ ಹೊತ್ತು ತಂದಳು. ನನಗೆ ಸುಳಿವು ಕೊಡದೆ ಮಾಡಿಟ್ಟಿದ್ದಳು. ಎಣ್ಣೆಗಾಯಿಗೂ ಎಂದಿನಷ್ಟೇ ಖಾರ ಹಾಕಿದ್ದಳು. ಬೀಗರು ಬೆವರು ಒರೆಸಿಕೊಳ್ಳುತ್ತ, ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುತ್ತ ಉಂಡರು. ಮೂರು ದ್ರಾಕ್ಷಿಗಳ ಸುದ್ದಿ ಯಾರಿಗೂ ಬೇಕಾಗಲಿಲ್ಲ.

ಈಗ ಮದುವೆಯ ಓಡಾಟ ನಡೆದಿದೆ. ಲಕ್ಷ್ಮೇಶ್ವರ, ಶಿರಹಟ್ಟಿಯ ನೆಂಟರಿಗೆಲ್ಲ ಬೀಗರು, "ನಮ್ಮ ಬೀಗರಿಗೆ ಬೂಚು ತಗಿಯಾಕನ ಬರಂಗಿಲ್ಲ" ಎಂದು ಹೆಮ್ಮೆಯಿಂದ ಸಾರುತ್ತಿದ್ದಾರೆ. ಅಪಮಾನ ತಾಳದೆ ಹುಬ್ಬಳ್ಳಿಯಿಂದ ಬಿರಡೆ ಕೀಳುವ ಸುರುಳಿ ತಂದೆ. ಮೊನ್ನೆ ಮಧ್ಯಾಹ್ನ ಗಿರಣಿಯಲ್ಲಿ ಚೀಲಗಳ ಹಿಂದೆ ಕುಳಿತು ಅದೇ ಬಾಟಲಿಗೆ ಹಾಕಿ ತಿರುವಿದರೆ ಬಿರಡೆ ಟಪ್ ಎಂದು ಬಂತು. ಡಬ್ಬಿಯಲ್ಲಿದ್ದ ಎಣ್ಣೆಗಾಯಿಯ ಜೊತೆ ಒಂದು ಗುಟುಕು ಕುಡಿದೆ. ಖಾರಕ್ಕೆ ನಾಲಿಗೆ ಹತ್ತಿ ಉರಿಯಿತು. ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕುಣಿಯುವಷ್ಟು ಖುಷಿಯಾಯಿತು, ಗಿರಿಜಾಳಿಗೆ ಹೇಳಲು ಬಾಗಿಲವರೆಗೂ ಓಡಿದೆ. ಅಲ್ಲೇ ನಿಂತು, ಎರಡು ಏಲಕ್ಕಿ ಬಾಯಿಗೆ ಹಾಕಿಕೊಂಡು, ತುಟಿ ಬಿಗಿಹಿಡಿದು ಮನೆಗೆ ಹೋದೆ.